ದಿಬ್ಬದಿಂದ ಹಳ್ಳಕ್ಕೆ ಬಂದ ಸುದ್ದಿ

ಗುರುಸಿದ್ಧ ಬಡಿಗೇರ ಇಪ್ಪತ್ತೆಂಟು ವರ್ಷ ಮನುಷ್ಯರ ಕಿವಿಗಳ ಸಂಗಡ ಕೆಲಸ ಮಾಡಿದವನು. ವಿಜಯಪುರದ ದೊಡ್ಡ ಆಸ್ಪತ್ರೆಯ ಎದುರಿನ ಓಣಿಯಲ್ಲಿ ಅವನದೊಂದು ಸಣ್ಣ ಅಂಗಡಿ. ಕಿವಿ ಮಷಿನಿನ ಕೊಳವೆಯಲ್ಲಿ ಗುಗ್ಗೆ ಕಟ್ಟಿದರೆ, ಬ್ಯಾಟರಿಯ ಬಾಗಿಲು ಸಡಿಲಾದರೆ, ಮೊಮ್ಮಕ್ಕಳು ಅದನ್ನು ನೀರಿಗೆ ಬೀಳಿಸಿದರೆ ಊರಿನವರೆಲ್ಲ ಅವನ ಹತ್ತಿರವೇ ಬರುತ್ತಿದ್ದರು. ಹಾಗಾಗಿ ಆ ಸೆಪ್ಟೆಂಬರಿನಲ್ಲಿ ಜೋಳ ಸಂಶೋಧನಾ ಕೇಂದ್ರದ ಜೀಪು ಅಂಗಡಿಯ ಮುಂದೆ ನಿಂತಾಗ, ಯಾರದೋ ಅಪ್ಪನ ಮಷಿನು ಕೆಟ್ಟಿರಬೇಕು ಅಂದುಕೊಂಡ.

ಜೀಪಿನಿಂದ ಇಳಿದವರು ಡಾಕ್ಟರ್ ಅಖ್ತರಬಾನು ಜಮಾದಾರ. ಡೋಣಿ ನದಿಯ ದಂಡೆಯ ಆ ಕೇಂದ್ರದಲ್ಲಿ ಹೊಸ ಜೋಳದ ತಳಿಗಳನ್ನು ಹುಟ್ಟಿಸುವ ವಿಜ್ಞಾನಿ. ಅವರು ಕೈಚೀಲದಿಂದ ಒಂದು ಹಸಿ ಜೋಳದ ದಂಟನ್ನೂ ಕೂದಲಿನಷ್ಟು ತೆಳ್ಳಗಿನ ಒಂದು ಸೂಜಿಯನ್ನೂ ತೆಗೆದು ಮೇಜಿನ ಮೇಲಿಟ್ಟರು.

"ಇದರ ಕಿವಿ ರಿಪೇರಿ ಮಾಡಬೇಕಾಗೇತ್ರಿ," ಅಂದರು.

ಗುರುಸಿದ್ಧ ನಕ್ಕ. ಅವರು ನಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತು ವಿಷಯ ಹೇಳಿದರು. ದಂಟಿನೊಳಗೆ ನೀರು ಬೇರಿನಿಂದ ಎಲೆಯವರೆಗೆ ಸಾವಿರಾರು ಎಳೆಗಳಾಗಿ ಏರುತ್ತದೆ. ನೆಲ ಒಣಗಿದಂತೆ ಮೇಲಿನಿಂದ ಎಳೆತ ಜಾಸ್ತಿಯಾಗಿ ಒಂದೊಂದೇ ಎಳೆ ಹರಿಯುತ್ತದೆ. ಹರಿಯುವಾಗ ಸಣ್ಣದೊಂದು ಗುಳ್ಳೆ ಎದ್ದು ಟಿಕ್ ಎಂದು ಸದ್ದಾಗುತ್ತದೆ. ಮನುಷ್ಯರ ಕಿವಿಗೆ ನಿಲುಕದಷ್ಟು ಕೀರಲು ಸದ್ದು ಅದು. ಈ ಸೂಜಿಯನ್ನು ದಂಟಿಗೆ ಚುಚ್ಚಿದರೆ ಅದನ್ನು ಹಿಡಿಯುತ್ತದೆ. ಆದರೆ ಗಾಳಿಗೆ ಎಲೆ ಉಜ್ಜಿದ್ದು, ಇರುವೆ ಹರಿದದ್ದು, ಎಲ್ಲವನ್ನೂ ಅದರ ಸಂಗಡವೇ ಹಿಡಿದುಬಿಡುತ್ತದೆ.

"ಗದ್ದಲದೊಳಗ ಒಂದು ಮಾತು ಆರಿಸೂದು ನಿಮ್ಮ ದಂಧೆ ಅಲ್ಲೇನ್ರಿ?" ಎಂದರು ಜಮಾದಾರ. "ನಮ್ಮಲ್ಲಿ ಯಾರಿಗೂ ಅದು ಆಗವಲ್ಲದು."

ಮಾರನೆಯ ದಿನದಿಂದ ಗುರುಸಿದ್ಧ ಮಧ್ಯಾಹ್ನದವರೆಗೆ ಅಂಗಡಿ, ಆಮೇಲೆ ಕೇಂದ್ರ ಎಂದು ಓಡಾಡತೊಡಗಿದ.

ಅಲ್ಲಿ ನಡೆಯುತ್ತಿದ್ದ ಕೆಲಸ ಎಷ್ಟು ಅವಸರದ್ದೆಂದು ಅವನಿಗೆ ಗೊತ್ತಿಲ್ಲದೆ ಏನಿರಲಿಲ್ಲ. ಅವನು ಚಿಕ್ಕವನಿದ್ದಾಗ ಡೋಣಿ ಸಾಲಿನ, ಅಂದರೆ ಆ ನದಿಯ ಬಯಲಿನ, ಎರೆಮಣ್ಣು ಒಂದು ಸಲ ಮಳೆ ಕುಡಿದರೆ ಸಂಕ್ರಾಂತಿಯವರೆಗೆ ಹಸಿ ಹಿಡಿದಿರುತ್ತಿತ್ತು. ನಾಲ್ಕು ತಿಂಗಳ ಜೋಳ ಆ ಹಸಿಯಲ್ಲೇ ಬೆಳೆದು ಬರುತ್ತಿತ್ತು. ಈಗ ಹನ್ನೆರಡು ವರ್ಷದಿಂದ ಆ ಲೆಕ್ಕ ತಪ್ಪಿತ್ತು. ಮಳೆ ಒಮ್ಮೆಲೇ ನಿಂತುಬಿಡುತ್ತಿತ್ತು, ಮೂಡಣದಿಂದ ಒಣಗಾಳಿ ಏಳುತ್ತಿತ್ತು. ನೆಲದ ಹಸಿ ಒಂದು ವರ್ಷ ತೊಂಬತ್ತು ದಿನ ಬಂದರೆ ಇನ್ನೊಂದು ವರ್ಷ ಅರವತ್ತೈದಕ್ಕೇ ಮುಗಿಯುತ್ತಿತ್ತು. ಎಷ್ಟು ದಿನ ಎಂಬುದನ್ನು ಮೊದಲೇ ಹೇಳಬಲ್ಲವರು ಯಾರೂ ಇರಲಿಲ್ಲ.

ಅದರ ಪರಿಣಾಮ ಅವನ ಮನೆಯಲ್ಲೇ ಇತ್ತು. ಅಂಗಡಿಗೆ ಅಂಟಿಕೊಂಡೇ ಅವನ ಹೆಂಡತಿ ಕಸ್ತೂರಿಯ ಖಾನಾವಳಿ. ಆಸ್ಪತ್ರೆಗೆ ಬಂದವರು, ಅವರ ಬಂಧುಬಳಗ, ಎಲ್ಲರೂ ಅಲ್ಲೇ ಉಣ್ಣುತ್ತಿದ್ದರು. ಹಿಂದೆ ತಾಟು ಖಾಲಿಯಾಗದಂತೆ ರೊಟ್ಟಿ ಬೀಳುತ್ತಿತ್ತು. ಈಗ ಒಂದು ಊಟಕ್ಕೆ ಒಂದೇ ರೊಟ್ಟಿ, ಉಳಿದದ್ದು ಅನ್ನ. ಆ ಒಂದು ರೊಟ್ಟಿಯಲ್ಲೂ ಅರ್ಧ ಗೋವಿನಜೋಳದ ಹಿಟ್ಟು. ಅದು ತಟ್ಟಿದರೆ ಅಂಚು ಬಿರಿಯುತ್ತಿತ್ತು. ದವಾಖಾನೆಯಿಂದ ಬಂದ ಮುದುಕರು ಅದನ್ನು ಮುರಿದು ನೋಡಿ, ಏನೂ ಅನ್ನದೆ ಸಾರಿನಲ್ಲಿ ನೆನೆಸಿ ತಿನ್ನುವರು. ಅವರು ಏನೂ ಅನ್ನದಿರುವುದಕ್ಕೇ ಕಸ್ತೂರಿಗೆ ನಾಚಿಕೆಯಾಗುತ್ತಿತ್ತು.

ಕಸ್ತೂರಿಗೆ ಕಿವಿ ಕೇಳಿಸುತ್ತಿರಲಿಲ್ಲ. ಒಂಬತ್ತನೆಯ ವಯಸ್ಸಿನಲ್ಲಿ ಬಂದ ಮಿದುಳುಜ್ವರ ಕಿವಿಯ ನರವನ್ನೇ ಸುಟ್ಟುಹಾಕಿತ್ತು. ಊರಿಗೆಲ್ಲ ಸದ್ದು ಹಂಚುವ ಗುರುಸಿದ್ಧನ ಯಾವ ಮಷಿನೂ ಅವಳಿಗೆ ಕೆಲಸಕ್ಕೆ ಬರಲಿಲ್ಲ. ಮದುವೆಯಾದ ಮೊದಲ ಎರಡು ವರ್ಷ ಅವನು ಹಠ ಹಿಡಿದು ಪ್ರಯತ್ನಿಸಿದ್ದ. ಆಮೇಲೆ ಅವಳೇ ಒಂದು ದಿನ, "ಸಾಕು ಮಾಡ್ರಿ. ನನಗೇನೂ ಕಡಿಮಿ ಆಗಿಲ್ಲ," ಎಂದಿದ್ದಳು. ಎದುರು ನಿಂತು ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದಳು. ತಾನು ಮಾತಾಡುವಾಗ ದನಿಯಲ್ಲಿ ಏರಿಳಿತ ಇರುತ್ತಿರಲಿಲ್ಲ, ಅಷ್ಟೇ. ತವೆಯ ಮೇಲಿನ ರೊಟ್ಟಿ ಉಬ್ಬಿತೋ ಇಲ್ಲವೋ ಎಂಬುದನ್ನು ಅವಳು ಬೆನ್ನು ತಿರುಗಿಸಿಕೊಂಡೇ, ಒಲೆಯ ಕಟ್ಟೆಯ ಮೇಲೆ ಕೈಯಿಟ್ಟು ಹೇಳುತ್ತಿದ್ದಳು. ಗುರುಸಿದ್ಧ ಅದನ್ನು ದಿನಾ ನೋಡಿ ನೋಡಿ ಅದೊಂದು ವಿಶೇಷವೆಂಬುದನ್ನೇ ಮರೆತಿದ್ದ.

ಕೇಂದ್ರದಲ್ಲಿ ಇಪ್ಪತ್ತನಾಲ್ಕು ಹೈಬ್ರಿಡ್ ತಳಿಗಳನ್ನು ನಾಲ್ಕು ವರ್ಷ ಸೋಸಿ ಕೊನೆಗೆ ಎರಡನ್ನು ಉಳಿಸಿಕೊಂಡಿದ್ದರು. ಒಂಬತ್ತನೆಯದು, ಹದಿನೇಳನೆಯದು. ಎರಡೂ ಬೇಗ ಬರುವವೇ. ಒಂಬತ್ತನೆಯದು ಎಲ್ಲಿ ಬಿತ್ತಿದರೂ ಐವತ್ತೆರಡನೆಯ ದಿನಕ್ಕೆ ತೆನೆ ಹೊರಹಾಕುತ್ತಿತ್ತು, ಎಂಬತ್ತೈದಕ್ಕೆ ಕೊಯ್ಲು. ಗಡಿಯಾರ ಇದ್ದಂತೆ. ಹದಿನೇಳನೆಯದರ ನಡತೆ ಮಾತ್ರ ಯಾರಿಗೂ ಅರ್ಥವಾಗಿರಲಿಲ್ಲ. ಒಂದು ಕಡೆ ನಲವತ್ತೊಂದಕ್ಕೇ ತೆನೆ, ಇನ್ನೊಂದು ಕಡೆ ಐವತ್ತೇಳಕ್ಕೆ. ಒಂದು ವರ್ಷ ಹೊಟ್ಟೆತುಂಬ ಕಾಳು, ಇನ್ನೊಂದು ವರ್ಷ ಅಳತೆಯಷ್ಟೇ. ಮಳೆ-ಬೆಳೆಯನ್ನು ಮೊದಲೇ ಲೆಕ್ಕ ಹಾಕುವ ಬೆಂಗಳೂರಿನ ಮುನ್ನೋಟ ಕೊಠಡಿಯ ಗಣಕಗಳು ಅದಕ್ಕೆ 'ಅಸ್ಥಿರ' ಎಂದು ಹಣೆಪಟ್ಟಿ ಹಚ್ಚಿದ್ದವು. ನವೆಂಬರ್ ಹದಿನೈದರೊಳಗೆ ಎರಡರಲ್ಲಿ ಒಂದನ್ನು ಆರಿಸಬೇಕು. ಆಗ ಅದರ ತಾಯಿ-ತಂದೆ ಸಾಲುಗಳನ್ನು ಬಿತ್ತಿದರೆ ಮಾತ್ರ ಮುಂದಿನ ಹಂಗಾಮಿಗೆ ಡೋಣಿ ಸಾಲಿಗೆಲ್ಲ ಸಾಲುವಷ್ಟು ಬೀಜ ಸಿಗುತ್ತಿತ್ತು.

"ಒಂದು ತಪ್ಪಿದರ ಮತ್ತೊಂದು ವರ್ಷ ಹೋಗತೈತಿ," ಎಂದಿದ್ದರು ಜಮಾದಾರ. "ಈಗಾಗಲೇ ಜನ ಜ್ವಾಳ ಬಿಟ್ಟು ಹೊಲ ಬೀಳು ಹಾಕಾಕತ್ತಾರ. ಇನ್ನೊಂದು ವರ್ಷ ಹ್ವಾದರ ಬಿತ್ತವರು ಉಳಿಯೂದಿಲ್ಲ."

ಕೇಂದ್ರದ ಹೊಲ ಇಳಿಜಾರಿನದು. ಮೇಲಿನ ಅಂಚಿನಲ್ಲಿ ಗರಸು, ಮಣ್ಣು ಗೇಣಷ್ಟೇ. ಕೆಳಗೆ ಬಂದಂತೆ ಆಳದ ಎರೆ. ಎರಡೂ ತಳಿಗಳನ್ನು, ತಳಿಗೆ ಎರಡು ಪಟ್ಟಿಯಂತೆ, ಪಕ್ಕಪಕ್ಕದಲ್ಲಿ ಮೇಲಿನಿಂದ ಕೆಳಗೆ ಅರವತ್ತು ಅರವತ್ತು ಸಾಲು ಬಿತ್ತಿದ್ದರು. ಸಾಲಿಗೊಂದು ಸೂಜಿ. ಗುರುಸಿದ್ಧ ಸೂಜಿಗಳಿಗೆ ಮೆತ್ತನೆಯ ರಬ್ಬರಿನ ಕಿವಿಗವಸು ಮಾಡಿ ಗಾಳಿಯ ಸದ್ದು ಕಳೆದ. ಉಳಿದ ಟಿಕ್‌ಗಳನ್ನು ಮನುಷ್ಯರಿಗೆ ಕೇಳುವ ಮಟ್ಟಕ್ಕೆ ಇಳಿಸಿ, ಕಿವಿಗೆ ಹಾಕಿಕೊಂಡು ಒಂದೊಂದೇ ಸಾಲು ಕೇಳಿದ. ಟಿಕ್. ಟಿಕ್ ಟಿಕ್. ಹಂಚಿನ ಮೇಲೆ ಹನಿ ಬಿದ್ದಂತೆ. ಹುಲ್ಲಿನಂಥ ಒಂದು ಗಿಡ ಒಳಗೊಳಗೆ ಇಷ್ಟು ಮಾತಾಡುತ್ತದೆಂದು ಅವನು ಎಂದೂ ಎಣಿಸಿರಲಿಲ್ಲ. ಆದರೆ ತಿಂಗಳಾದರೂ ಎರಡು ತಳಿಗಳ ನಡುವೆ ಏನು ವ್ಯತ್ಯಾಸವೆಂಬುದು ಕಿವಿಗೆ ಹತ್ತಲಿಲ್ಲ. ಗಣಕಕ್ಕೂ ಹತ್ತಲಿಲ್ಲ. ಅದು ಬರೀ ಒಟ್ಟು ಎಣಿಕೆ ಹೇಳುತ್ತಿತ್ತು, ಒಟ್ಟು ಎಣಿಕೆ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಇತ್ತು.

ಒಂದು ಪಟ್ಟಿಯ ಅರವತ್ತು ಸೂಜಿಗಳೂ ಸರಿಯಾಗಿವೆಯೇ ಎಂದು ಒಮ್ಮೆಗೇ ಪರೀಕ್ಷಿಸಲು ಅವನೊಂದು ಹಲಗೆ ಮಾಡಿದ. ಕಿವಿಯ ಹಿಂದಿನ ಎಲುಬಿಗೆ ಹಚ್ಚಿ ಕೇಳಿಸುವ ಮಷಿನುಗಳಲ್ಲಿ ಕಡಲೆಬೇಳೆಯಷ್ಟು ಮಿಡಿಯುವ ಗುಂಡಿ ಇರುತ್ತದೆ. ಹಳೆಯ ಮಷಿನುಗಳಿಂದ ಅಂಥ ಅರವತ್ತು ಗುಂಡಿ ಬಿಚ್ಚಿ, ಹೊಲದಲ್ಲಿ ಸಾಲು ಇದ್ದ ಹಾಗೆಯೇ ಹಲಗೆಯ ಮೇಲೆ ಮೇಲಿನಿಂದ ಕೆಳಗೆ ಜೋಡಿಸಿದ. ಹೊಲದ ಸುದ್ದಿ ತಂತಿಯಿಲ್ಲದೆ, ರೇಡಿಯೋದಂತೆ ಗಾಳಿಯಲ್ಲೇ ಹಲಗೆಗೆ ಬರುತ್ತಿತ್ತು. ಯಾವ ಗುಂಡಿ ಮಿಡಿಯದೋ ಆ ಸೂಜಿ ಕೆಟ್ಟಿದೆ ಎಂದರ್ಥ. ಬಿತ್ತಿದ ಮೂವತ್ತಾರನೆಯ ದಿನ, ನಾಲ್ಕು ಗುಂಡಿಗಳ ಬೆಸುಗೆ ಬಿಟ್ಟಿತೆಂದು ಹಲಗೆಯನ್ನು ಅಂಗಡಿಗೆ ತಂದು ಸರಿಮಾಡಿ, ಊಟದ ಹೊತ್ತಿಗೆ ಖಾನಾವಳಿಯ ಒಳಕೋಣೆಯಲ್ಲಿ ಇಟ್ಟಿದ್ದ.

ಅಂದು ಮಧ್ಯಾಹ್ನದ ಪಂಕ್ತಿ ಮುಗಿದಿತ್ತು. ಕಸ್ತೂರಿ ಕೈ ತೊಳೆದುಕೊಂಡು ಬಂದು ಕೂತಳು. ಅಂಗೈ ಉರಿಯುತ್ತಿದ್ದವು. ಹಲಗೆ ತಣ್ಣಗಿದ್ದೀತೆಂದು ಅದರ ಮೇಲೆ ಎರಡೂ ಕೈ ಚಾಚಿಟ್ಟಳು. ಗುರುಸಿದ್ಧ ಎದುರಿಗೆ ಕೂತು ಉಣ್ಣುತ್ತಿದ್ದ. ಅವಳು ಎಷ್ಟು ಹೊತ್ತಾದರೂ ಅಲುಗದ್ದನ್ನು ನೋಡಿ ತಲೆಯೆತ್ತಿದ.

"ಏನಾಯ್ತು?"

ಅವಳು ಅವನ ತುಟಿ ನೋಡಿದಳು, ಮತ್ತೆ ಹಲಗೆ ನೋಡಿದಳು. "ಇದು ನಡೀತೈತಿ," ಅಂದಳು.

"ಯಾವುದು?"

"ಗೊತ್ತಿಲ್ಲ. ಮ್ಯಾಲಿಂದ ತೆಳಗ ನಡಕೊಂತ ಬರಾಕತ್ತೈತಿ. ಈ ಗುಂಡಿ ಜೋರಾಗತೈತಿ, ಸುಮ್ಮನಾಗತೈತಿ, ಆಮ್ಯಾಲ ಇದರ ಬಾಜೂಕಿಂದು. ಒಂದು ಬಿಟ್ಟು ಒಂದಿಲ್ಲ. ಓಣ್ಯಾಗ ಯಾರೋ ಮನಿ ಮನಿಗೆ ಹೋಗಿ ಬಾಗಲಾ ಬಡಿದಂಗ."

ಗುರುಸಿದ್ಧ ಎಡಗೈಯನ್ನು ಹಲಗೆಯ ಮೇಲಿಟ್ಟ. ಎಲ್ಲ ಗುಂಡಿಗಳೂ ಬರೀ ಗುಜುಗುಜು ಎನ್ನುತ್ತಿದ್ದವು. ಕಸ್ತೂರಿ ಬೆರಳಿನಿಂದ ತೋರಿಸುತ್ತ ಹೋದಳು: ಇಲ್ಲಿ, ಈಗ ಇಲ್ಲಿ, ಈಗ ಇಲ್ಲಿ. ಅವನು ಗೋಡೆಯ ಗಡಿಯಾರ ನೋಡಿದ. ಒಂದು ನಿಮಿಷಕ್ಕೆ ಎರಡು ಸಾಲು. ಅರ್ಧ ಗಂಟೆಗೆ ಅವಳ ಬೆರಳು ಹಲಗೆಯ ಕೆಳ ಅಂಚು ಮುಟ್ಟಿತು. ಅಲ್ಲಿಗೆ ನಿಂತಿತು. ಅವನ ತಾಟಿನಲ್ಲಿ ಸಾರು ಆರಿಹೋಗಿತ್ತು.

ಅಂದು ಆ ಹಲಗೆಗೆ ಜೋಡಿಸಿದ್ದು ಹದಿನೇಳನೆಯ ತಳಿಯ ಪಟ್ಟಿ.

ಜಮಾದಾರ ಅವನ ಮಾತು ಕೇಳಿ ತಳ್ಳಿಹಾಕಲೂ ಇಲ್ಲ, ನಂಬಲೂ ಇಲ್ಲ. "ನಾಳೆ ಅವರನ್ನ ಕರಕೊಂಡು ಬರ್ರಿ," ಅಂದರು. ಮರುದಿನ ಕಸ್ತೂರಿ ಖಾನಾವಳಿಯನ್ನು ತಂಗಿಗೆ ಒಪ್ಪಿಸಿ ಕೇಂದ್ರಕ್ಕೆ ಬಂದಳು. ಜಮಾದಾರ ಪರದೆಯ ಹಿಂದೆ ಕೂತು, ಹಲಗೆಗೆ ಒಮ್ಮೆ ಒಂಬತ್ತನ್ನು, ಒಮ್ಮೆ ಹದಿನೇಳನ್ನು, ಯಾವುದೆಂದು ಹೇಳದೆ ಹನ್ನೆರಡು ಸಲ ಬದಲಿಸಿದರು. ಹನ್ನೆರಡು ಸಲವೂ ಕಸ್ತೂರಿ ತಪ್ಪಲಿಲ್ಲ.

"ಆ ಇನ್ನೊಂದು ಹ್ಯಾಂಗ ಐತ್ರಿ?" ಎಂದು ಜಮಾದಾರ ಅವಳ ಎದುರು ಬಂದು ನಿಂತು ಕೇಳಿದರು.

"ಅದರಾಗ ಯಾರ ಮನಿ ಅವರಿಗೆ," ಎಂದಳು ಕಸ್ತೂರಿ. "ಬಾಗಲಾ ಹಾಕ್ಕೊಂಡು ಕುಂತಾವ."

ಆಮೇಲಿನ ಹದಿನೈದು ದಿನ ಜಮಾದಾರ ಮನೆಗೆ ಸರಿಯಾಗಿ ಹೋಗಲಿಲ್ಲ. ಹದಿನೇಳನೆಯ ತಳಿಯ ಬೇರು ಅಗೆಸಿದರು. ಎರೆಮಣ್ಣಿನ ಬಿರುಕುಗಳಲ್ಲಿ, ಒಂದು ಗಿಡದ ಬೇರಿನಿಂದ ಇನ್ನೊಂದರ ಬೇರಿಗೆ, ಜೇಡರ ಎಳೆಗಿಂತ ತೆಳುವಾದ ಬಿಳಿ ಬೂಷ್ಟಿನ ದಾರಗಳು ಹಬ್ಬಿದ್ದವು. ಇಂಥ ದಾರ ಎಲ್ಲ ಹೊಲಗಳಲ್ಲೂ ಇರುತ್ತದೆ. ಒಂಬತ್ತನೆಯದರ ಬೇರು ಅದರ ಹತ್ತಿರ ಹೋಗಿಯೂ ಮುಟ್ಟುತ್ತಿರಲಿಲ್ಲ. ಹದಿನೇಳನೆಯದರ ಬೇರು ಅದನ್ನು ಒಳಗೆ ಬಿಟ್ಟುಕೊಂಡಿತ್ತು. ಮೇಲಿನ ಗರಸಿನಲ್ಲಿ ನಿಂತ ಗಿಡಕ್ಕೆ ಮೊದಲು ನೀರು ಕಡಿಮೆಯಾಗುತ್ತದೆ, ಅದರ ಎಳೆಗಳು ಹರಿಯುತ್ತವೆ, ಆ ಆಘಾತ ಬೇರಿನಿಂದ ದಾರಕ್ಕೆ, ದಾರದಿಂದ ಪಕ್ಕದ ಗಿಡಕ್ಕೆ ದಾಟುತ್ತದೆ. ಕಾಲಬುಡದಲ್ಲಿ ಇನ್ನೂ ಬೇಕಾದಷ್ಟು ಹಸಿ ಇರುವ ಗಿಡವೂ, ಆ ಸುದ್ದಿ ನಾಲ್ಕಾರು ದಿನ ಬಿಡದೆ ಬಂದರೆ, ಎಲೆ ಬೆಳೆಸುವುದನ್ನು ನಿಲ್ಲಿಸಿ ತೆನೆ ಕಟ್ಟಲು ತೊಡಗುತ್ತದೆ. ಮೇಲೆ ಒಣಗದ ವರ್ಷ ಸುದ್ದಿಯೇ ಬರುವುದಿಲ್ಲ, ಆಗ ಅದು ನಿಧಾನವಾಗಿ ಬೆಳೆದು ಹೆಚ್ಚು ಕಾಳು ಕೊಡುತ್ತದೆ. ಅಸ್ಥಿರವೆಂದು ಎಲ್ಲರೂ ಬೈದದ್ದು ಇದನ್ನೇ.

ಮೂವತ್ತೆಂಟನೆಯ ದಿನ, ಹದಿನೇಳನೆಯದರ ಇನ್ನೊಂದು ಪಟ್ಟಿಯ ನಡುವೆ, ಮೂವತ್ತನೆಯ ಸಾಲಿನ ಕೆಳಗೆ, ನಾಲ್ಕು ಅಡಿ ಆಳಕ್ಕೆ ತಗಡು ಇಳಿಸಿದರು. ಅಂದು ಮಧ್ಯಾಹ್ನ ಕಸ್ತೂರಿಯ ಬೆರಳು ಹಲಗೆಯ ಮೇಲೆ ಮೂವತ್ತರವರೆಗೆ ಇಳಿದು ಅಲ್ಲೇ ನಿಂತಿತು. ನಲವತ್ತೈದನೆಯ ದಿನ ತಗಡಿಲ್ಲದ ಪಟ್ಟಿಯಲ್ಲಿ ಅರವತ್ತೂ ಸಾಲು ತೆನೆ ಹೊರಹಾಕಿದವು. ತಗಡಿದ್ದ ಪಟ್ಟಿಯಲ್ಲಿ ಮೇಲಿನ ಮೂವತ್ತು ಮಾತ್ರ. ಕೆಳಗಿನ ಮೂವತ್ತು ಏನೂ ಆಗಿಲ್ಲವೆಂಬಂತೆ ಹಸಿರಾಗಿ ಎಲೆ ಬೀಸುತ್ತ ನಿಂತಿದ್ದವು. ಗುರುಸಿದ್ಧ ಆ ಗಡಿಯ ಮೇಲೆ ನಿಂತು ಒಂದು ಕಡೆ ನೋಡಿದ, ಇನ್ನೊಂದು ಕಡೆ ನೋಡಿದ. ಒಂದೇ ಬೀಜ, ಒಂದೇ ದಿನ ಬಿತ್ತಿದ್ದು, ನಡುವೆ ಒಂದು ತಗಡು. ಅವನಿಗೆ ಚಪ್ಪಲಿ ಹಾಕಿಕೊಂಡು ಆ ಮಣ್ಣಿನ ಮೇಲೆ ನಿಂತಿರುವುದು ಸರಿಯಲ್ಲವೆನ್ನಿಸಿ ಚಪ್ಪಲಿ ಬಿಟ್ಟ.

ನವೆಂಬರ್ ಹದಿಮೂರಕ್ಕೆ ಸಭೆ. ಬೆಂಗಳೂರಿನ ಮುನ್ನೋಟ ಕೊಠಡಿಯಿಂದ ತಳಿ ಆಯ್ಕೆ ಸಮಿತಿಯ ಮುಖ್ಯಸ್ಥ ಡಾಕ್ಟರ್ ಚಂದ್ರಕೀರ್ತಿ ಪರದೆಯ ಮೇಲೆ ಬಂದರು. ಅವರ ಬೆನ್ನ ಹಿಂದಿನ ಗೋಡೆಯ ತುಂಬ ಮೋಡ, ಗಾಳಿ, ನೆಲದ ಹಸಿಯ ನಕ್ಷೆಗಳು ಹರಿದಾಡುತ್ತಿದ್ದವು. ಜಮಾದಾರ ಹೇಳಿದ್ದನ್ನೆಲ್ಲ ಅವರು ತಾಳ್ಮೆಯಿಂದ ಕೇಳಿದರು.

"ನೀವು ಕಂಡುಹಿಡಿದಿರೋದು ದೊಡ್ಡದು, ಅದರಲ್ಲಿ ಅನುಮಾನ ಇಲ್ಲ," ಅಂದರು. "ಆದರೆ ನನ್ನ ಕಷ್ಟ ಕೇಳಿ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸೀತಿದೆ. ಈ ತಿಂಗಳ ಕೊನೆಗೆ ನಿಮ್ಮ ಕಡೆ ಮಳೆ ಅಂತ ನಮ್ಮ ಲೆಕ್ಕ ಹೇಳ್ತಿದೆ, ನೂರಕ್ಕೆ ಎಂಬತ್ತು ಪಾಲು ಖಚಿತ. ಮಳೆ ಬಂದರೆ ಒಂಬತ್ತನೇ ತಳಿ ಎಕರೆಗೆ ಹನ್ನೆರಡು ಕ್ವಿಂಟಲ್ ಕೊಡುತ್ತೆ. ನಿಮ್ಮ ಹದಿನೇಳು ಆಗಲೇ ತೆನೆ ಹಾಕಿ ಕೂತಿದೆ, ಏಳಕ್ಕಿಂತ ಜಾಸ್ತಿ ಬರೋಲ್ಲ. ನಾಳೆ ರೈತ ಬಂದು ಇದು ಎಷ್ಟು ದಿನದ ಬೆಳೆ ಅಂತ ಕೇಳಿದರೆ ಏನು ಹೇಳಲಿ?"

"ನೆಲ ಎಷ್ಟು ದಿನ ಅಂತೈತೋ ಅಷ್ಟು ದಿನದ್ದು ಅಂತ ಹೇಳ್ರಿ ಸರ್," ಎಂದರು ಜಮಾದಾರ.

"ಗಿಡಕ್ಕೆ ಮುಂದಿನ ಮಳೆ ಗೊತ್ತಾಗುತ್ತೆ ಅಂತೀರಾ?"

"ಇಲ್ರಿ. ಅದಕ್ಕ ಮುಂದಿಂದೇನೂ ಗೊತ್ತಿಲ್ಲ. ಈಗ ದಿಬ್ಬದ ಮ್ಯಾಲ ಏನಾಗೇತಿ ಅನ್ನೂದಷ್ಟೇ ಗೊತ್ತು. ನಮಗ ಅದೂ ಗೊತ್ತಿಲ್ಲ."

ಪರದೆಯ ಮೇಲೆ ಚಂದ್ರಕೀರ್ತಿ ಕನ್ನಡಕ ತೆಗೆದು ಒರೆಸಿದರು. "ನಾನು ಬಂದು ನೋಡ್ತೀನಿ," ಅಂದರು.

ಮರುದಿನ ಮುಂಜಾನೆಯ ವಿಮಾನಕ್ಕೆ ಬಂದವರು ನೇರವಾಗಿ ಹೊಲಕ್ಕೇ ಬಂದರು. ತಗಡಿನ ಗಡಿಯಲ್ಲಿ ಬಹಳ ಹೊತ್ತು ನಿಂತರು. ಬಿಸಿಲೇರಿದ ಮೇಲೆ ಕಸ್ತೂರಿಯ ಎದುರು ನೆಲಕ್ಕೆ ಕೂತು ಹಲಗೆಯ ಮೇಲೆ ಕೈಯಿಟ್ಟರು. ಏನೂ ತಿಳಿಯದೆ ಇನ್ನೂ ಗಟ್ಟಿಯಾಗಿ ಒತ್ತಿದರು.

"ಒತ್ತಬ್ಯಾಡ್ರಿ ಸರ್," ಎಂದಳು ಕಸ್ತೂರಿ. "ರೊಟ್ಟಿ ತಟ್ಟೂ ಮುಂದ ಹಿಟ್ಟಿನ ಮ್ಯಾಲ ಕೈ ಇಡತೀವಲ್ರಿ, ಹಂಗ ಇಡ್ರಿ."

"ನಾನು ರೊಟ್ಟಿ ತಟ್ಟಿಲ್ಲಮ್ಮ," ಅಂದರು ಅವರು.

ಅವಳು ಅವರ ಮಣಿಕಟ್ಟು ಹಿಡಿದು ಕೈಯನ್ನು ಹಗುರ ಮಾಡಿದಳು. "ಗದ್ದಲಾ ಬಿಟ್ಟುಬಿಡ್ರಿ. ಎಲ್ಲಿ ಎಲ್ಲಾದಕ್ಕಿಂತ ಜೋರ ಐತಿ ಅಷ್ಟೇ ನೋಡ್ರಿ. ಈಗ ನಿಮ್ಮ ಹೆಬ್ಬೆರಳಿನ ತೆಳಗ ಐತಿ. ಇನ್ನ ಬಾಜೂಕ ಬರತೈತಿ."

ಒಂದು ನಿಮಿಷ ಹೋಯಿತು, ಎರಡು ಹೋದವು. ಆಮೇಲೆ ಚಂದ್ರಕೀರ್ತಿಯವರ ತೋರುಬೆರಳು ತಾನಾಗಿಯೇ ಒಂದು ಗುಂಡಿ ಕೆಳಗೆ ಸರಿಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಅವರ ಮುಖ ಬದಲಾದದ್ದನ್ನು ಗುರುಸಿದ್ಧ ನೋಡಿದ. ಮೊದಲ ಸಲ ಕಿವಿ ಮಷಿನು ಹಾಕಿಕೊಂಡ ಮಕ್ಕಳು ತಾಯಿಯ ದನಿ ಎಲ್ಲಿಂದ ಬಂತೆಂದು ಸುತ್ತ ನೋಡುತ್ತಾರಲ್ಲ, ಆ ಮುಖ. ಅರವತ್ತನೆಯ ಸಾಲಿನವರೆಗೂ ಅವರು ಕೈ ತೆಗೆಯಲಿಲ್ಲ. ಎದ್ದು ಪ್ಯಾಂಟಿನ ಮಣ್ಣು ಕೊಡವಿಕೊಳ್ಳುವುದನ್ನೂ ಮರೆತು, ಜಮಾದಾರರ ಕೈಯಿಂದ ಕಾಗದ ತೆಗೆದುಕೊಂಡು ಹದಿನೇಳರ ಮುಂದೆ ಸಹಿ ಹಾಕಿದರು.

"ಮಳೆ ಬಂದುಬಿಟ್ಟರೆ ಇಬ್ಬರೂ ಸೇರಿ ಬೈಸಿಕೊಳ್ಳೋಣ," ಅಂದರು.

ಆ ತಿಂಗಳ ಕೊನೆಯ ವಾರ ಕೊಲ್ಲಿಯಲ್ಲಿ ನಿಜವಾಗಿಯೂ ಚಂಡಮಾರುತ ಎದ್ದಿತು. ಖಾನಾವಳಿಯಲ್ಲಿ ಉಣ್ಣುವವರೆಲ್ಲ ಬಾಗಿಲ ಕಡೆ ನೋಡುತ್ತ ಉಂಡರು. ಎರಡು ದಿನ ಮೋಡ ಕವಿದು ತಂಪು ಬಿತ್ತು. ಜಮಾದಾರ ಫೋನಿನಲ್ಲಿ ಮಾತು ಕಡಿಮೆ ಮಾಡಿದರು. ಗುರುಸಿದ್ಧನಿಗೆ ವಿಚಿತ್ರ ಸಂಕಟ. ಮಳೆ ಬರಲಿ ಅನ್ನಲೂ ಆಗದು, ಬರದಿರಲಿ ಎಂದು ಬಯಸುವುದಂತೂ ಪಾಪ. ಮೂರನೆಯ ದಿನ ಗಾಳಿ ಬಡಗಣಕ್ಕೆ ತಿರುಗಿ, ಮಳೆ ಒಡಿಶಾದ ಮೇಲೆ ಸುರಿದುಹೋಯಿತು. ಡೋಣಿಗೆ ಬಿದ್ದದ್ದು ಧೂಳು ತೋಯುವಷ್ಟು ಹನಿ.

ಅರವತ್ತೇಳನೆಯ ದಿನ ಕಸ್ತೂರಿ ಒಂಬತ್ತನೆಯ ಪಟ್ಟಿಯ ಹಲಗೆಯ ಮೇಲೆ ಕೈಯಿಟ್ಟವಳು ತಟ್ಟನೆ ತೆಗೆದುಬಿಟ್ಟಳು. ಅರವತ್ತೂ ಸಾಲು ಒಮ್ಮೆಲೇ ಹರಿಯುತ್ತಿದ್ದವು, ಹಿಂದಿಲ್ಲ ಮುಂದಿಲ್ಲ. "ಒಂದು ಮನ್ಯಾಗ ಎಲ್ಲಾರೂ ಕೂಡೇ ಅಳಾಕತ್ತಂಗ ಐತಿ," ಅಂದಳು. ಆ ದಿನ ಮತ್ತೆ ಅದನ್ನು ಮುಟ್ಟಲಿಲ್ಲ. ಪಕ್ಕದ ಹದಿನೇಳರ ಪಟ್ಟಿಯಲ್ಲಿ ಹೆಚ್ಚು ಸದ್ದಿರಲಿಲ್ಲ. ಕಾಳು ಆಗಲೇ ಹಾಲು ದಾಟಿ ಗಟ್ಟಿಯಾಗಿತ್ತು. ಎಲೆಗಳು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ, ಅವಸರವಿಲ್ಲದೆ ಒಣಗುತ್ತಿದ್ದವು. ಕೊಯ್ದು ಬಡಿದಾಗ ಒಂಬತ್ತರಲ್ಲಿ ಎಕರೆಗೆ ಮೂರು ಕ್ವಿಂಟಲ್, ಅದರಲ್ಲೂ ಅರ್ಧ ಜೊಳ್ಳು. ಹದಿನೇಳು ಆರೂವರೆ ಕೊಟ್ಟಿತು, ಎಲ್ಲ ತುಂಬಿದ ಕಾಳು. ಆ ಹಿಟ್ಟಿನ ಮೊದಲ ರೊಟ್ಟಿಯನ್ನು ಕಸ್ತೂರಿ ಜಮಾದಾರರಿಗೇ ಹಾಕಿದಳು. ಅಂಚು ಬಿರಿದಿರಲಿಲ್ಲ. ಅವರು ಎರಡು ತಿಂದು ಮೂರನೆಯದು ಕೇಳಿದರು.

ಒಂದು ಗುಟ್ಟು ಇನ್ನೂ ಉಳಿದಿತ್ತು. ಕೇಂದ್ರದ ಹೊಲ ಬರೀ ಅರವತ್ತು ಸಾಲಿನದು. ಊರಿನ ಹೊಲಗಳಲ್ಲಿ, ಬೇರೆಬೇರೆಯವರ ಬದುಗಳನ್ನು ದಾಟಿ, ಸುದ್ದಿ ಎಷ್ಟು ದೂರ ಹೋದೀತು?

ಮುಂದಿನ ಹಂಗಾಮಿಗೆ ಯರಗಲ್ಲದಿನ್ನಿ ಎಂಬ ದಿಬ್ಬದಿಂದ ಹಿಡಿದು ಕೆಳಗೆ ಹಳ್ಳದವರೆಗೆ ಮೂರು ಕಿಲೋಮೀಟರ್ ಉದ್ದಕ್ಕೂ ಹದಿನೇಳನ್ನೇ ಬಿತ್ತಿದರು. ಗುರುಸಿದ್ಧ ಹೊಲಕ್ಕೆರಡು ಸೂಜಿಯಂತೆ ಚುಚ್ಚಿ, ಊರ ನಕ್ಷೆಯ ಹಾಗೆ ದೊಡ್ಡದೊಂದು ಹಲಗೆ ಮಾಡಿ ಆ ಹೊಲಗಳ ಊರಾದ ಜಂಬಿಗೇರಿಯ ಪಂಚಾಯ್ತಿ ಪಡಸಾಲೆಯಲ್ಲಿ ಇಟ್ಟ. ಬಿತ್ತುವ ಮೊದಲೇ ಕಸ್ತೂರಿ ಆ ನಕ್ಷೆ ನೋಡಿ, ಹಳ್ಳದ ದಂಡೆಯ ಬೌರವ್ವನಿಗೆ ಹೇಳಿದ್ದಳು: "ನಿನ್ನ ಹೊಲಕ್ಕ ಸುದ್ದಿ ಬರೂದಿಲ್ಲವ್ವ. ನಡುವ ಕಾಲುವಿ ಐತಿ."

ಬೌರವ್ವ ಗಂಡ ತೀರಿದ ಮೇಲೆ ಒಬ್ಬಳೇ ಒಕ್ಕಲುತನ ಮಾಡುವ ಅರವತ್ತರ ಹೆಂಗಸು. ಅವಳ ಹೊಲಕ್ಕೂ ಮೇಲಿನ ಸಂಗಪ್ಪನ ಹೊಲಕ್ಕೂ ನಡುವೆ ಆಳದ ಕಾಲುವೆ. ನೀರು ಯಾರ ಕಡೆ ಹರಿಯಬೇಕೆಂಬ ಜಗಳದಲ್ಲಿ ಸಂಗಪ್ಪನೇ ಒಂಬತ್ತು ವರ್ಷದ ಹಿಂದೆ ತೋಡಿಸಿದ್ದು. ಅಂದಿನಿಂದ ಇಬ್ಬರಿಗೂ ಮಾತಿರಲಿಲ್ಲ. ಬೌರವ್ವ ಎರಡು ದಿನ ಯೋಚಿಸಿ, ಮೂರನೆಯ ದಿನ ಅವನ ಅಂಗಳಕ್ಕೆ ಹೋಗಿ ನಿಂತಳು.

"ಒಂದ ನಾಕು ಮಾರು ಕಾಲುವಿ ಮುಚ್ಚೋ ಸಂಗಪ್ಪ. ಮ್ಯಾಲ ನಾಕು ಸಾಲು ಬಿತ್ತೂನು. ನೀರು ಹೋಗಾಕ ಬೇಕಾರ ತೆಳಗ ಕೊಳವಿ ಹಾಕ್ಕೋ."

ಸಂಗಪ್ಪ ಎತ್ತಿಗೆ ಮೇವು ಹಾಕುವುದನ್ನು ಮುಂದುವರಿಸಿದ. ಒಂದು ವಾರದ ನಂತರ ನೋಡಿದರೆ ಕಾಲುವೆಗೆ ಮಣ್ಣು ಬಿದ್ದಿತ್ತು. ಅದರ ಮೇಲೆ ಅವನೇ ನಾಲ್ಕಲ್ಲ, ಆರು ಸಾಲು ಬಿತ್ತಿದ್ದ.

ಮೂವತ್ತಮೂರನೆಯ ದಿನದ ಮಧ್ಯಾಹ್ನ ದಿನ್ನಿಯ ಮೇಲಿನ ಗಿಡಗಳು ಮಿಡಿದವು. ಅಲ್ಲಿಂದ ಮುಂದೆ ದಿನಾಲೂ ಬಿಸಿಲಿನ ಹೊತ್ತಿಗೆ ಸುದ್ದಿ ಇಳಿಯತೊಡಗಿತು, ದಿನಕ್ಕೆ ಹೆಚ್ಚುಕಡಿಮೆ ಮುನ್ನೂರು ಮೀಟರ್. ಬದುಗಳ ಮೇಲಿನ ಹುಲ್ಲಿನ ಬೇರು ಹಿಡಿದು ದಾಟಿತು. ಬಂಡಿದಾರಿಯ ಹತ್ತಿರ ಅರ್ಧ ದಿನ ತಡೆದು, ಬೇವಿನ ಗಿಡದ ಬುಡದಲ್ಲಿ ದಾರಿ ಮಾಡಿಕೊಂಡಿತು. ಜಂಬಿಗೇರಿಯಲ್ಲಿ ಚಹಾದ ಅಂಗಡಿಯಲ್ಲೂ ಬಸ್ಸಿನಲ್ಲೂ ಜನ ಒಬ್ಬರನ್ನೊಬ್ಬರು ಕೇಳುತ್ತಿದ್ದದ್ದು ಒಂದೇ: "ಸುದ್ದಿ ಎಲ್ಲೀತನಾ ಬಂತು?" ಪಡಸಾಲೆಗೆ ಬಂದು ಕಸ್ತೂರಿಯ ಸುತ್ತ ನಿಲ್ಲುತ್ತಿದ್ದರು. ಅವಳ ಬೆರಳು ತಮ್ಮ ಹೊಲದ ಮೇಲೆ ಬಂದಾಗ ಟೊಪ್ಪಿಗೆ ತೆಗೆದವರೂ ಇದ್ದರು. ದಿನ್ನಿಯ ಮೇಲಿನವರ ಗಿಡ ಗಿಡ್ಡವಾಗಿಯೇ ನಿಂತವು, ಅವಕ್ಕೆ ಕಾಳು ಕಡಿಮೆಯೇ. ಕೆಳಗಿನವರು ತಾವಾಗಿಯೇ ಮಾತಾಡಿಕೊಂಡು, ರಾಶಿಯಾದ ಮೇಲೆ ಮನೆಗೆ ಐದೈದು ಸೇರು ಮೇಲಿನವರಿಗೆ ಕೊಡುವುದೆಂದು ಗೊತ್ತು ಮಾಡಿದರು. ಇದನ್ನು ಯಾವ ವಿಜ್ಞಾನಿಯೂ ಅವರಿಗೆ ಹೇಳಿಕೊಟ್ಟಿರಲಿಲ್ಲ.

ನಲವತ್ತೆರಡನೆಯ ದಿನ ಸುದ್ದಿ ಸಂಗಪ್ಪನ ಹೊಲದ ಕೆಳ ಅಂಚಿಗೆ ಬಂದು ನಿಂತಿತು. ಮುಚ್ಚಿದ ಕಾಲುವೆಯ ಮಣ್ಣು ಹೊಸದು, ಅದರಲ್ಲಿ ಬಿಳಿದಾರ ಹಬ್ಬಿತ್ತೋ ಇಲ್ಲವೋ. ಮರುದಿನವೂ ಅಲ್ಲೇ ನಿಂತಿತು. ಅದರ ಮರುದಿನವೂ. ಹಳ್ಳದ ದಂಡೆಯ ನೆಲದಲ್ಲಿ ಇನ್ನೂ ಹಸಿ ಇತ್ತು, ಬೌರವ್ವನ ಜೋಳ ಎದೆಯುದ್ದ ಹಸಿರಾಗಿ ನಿಂತಿತ್ತು, ಒಂದೂ ತೆನೆಯಿರಲಿಲ್ಲ. ಮೂಡಗಾಳಿ ಶುರುವಾಗಿತ್ತು. ಆ ಹಸಿ ಇಪ್ಪತ್ತೈದು ದಿನವೂ ಬಾಳುವುದಿಲ್ಲವೆಂದು ಜಮಾದಾರ ಗುರುಸಿದ್ಧನಿಗೆ ಮಾತ್ರ ಮೆಲ್ಲಗೆ ಹೇಳಿದರು.

ನಲವತ್ತೈದನೆಯ ದಿನ ಗುರುಸಿದ್ಧ ಸಣ್ಣ ಹಲಗೆಯೊಂದನ್ನು ಹೊತ್ತುಕೊಂಡು ಕಾಲುವೆಗೇ ಹೋದ. ಆ ಆರು ಸಾಲಿಗೂ ಗಿಡಗಿಡಕ್ಕೊಂದು ಸೂಜಿ ಚುಚ್ಚಿದ. ಕಸ್ತೂರಿ ಬದುವಿನ ಮೇಲೆ ಕೂತು ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಕೆಳಗಿನ ಕಡೆ ಬೌರವ್ವ, ಮೇಲಿನ ಕಡೆ ಸಂಗಪ್ಪ. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಕಸ್ತೂರಿಯ ಕೈಯನ್ನೇ ನೋಡುತ್ತಿದ್ದರು.

ಬಿಸಿಲು ನೆತ್ತಿಗೇರಿತು. ಕಸ್ತೂರಿ ಕಣ್ಣು ಮುಚ್ಚಿದಳು. ಬಹಳ ಹೊತ್ತು ಏನೂ ಇಲ್ಲ. ಗುರುಸಿದ್ಧ ಅವಳ ಮುಖವನ್ನು ನೋಡುತ್ತ ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವಳು ಇಷ್ಟು ಗಮನವಿಟ್ಟು ಏನನ್ನೋ ಕೇಳುವುದನ್ನು ತಾನು ಕಂಡಿರಲಿಲ್ಲ ಅಂದುಕೊಂಡ. ಆಮೇಲೆ ಅವಳ ಕಿರುಬೆರಳು ಒಂದಿಷ್ಟು ಎದ್ದಿತು.

"ಕಾಲುವಿ ಮ್ಯಾಲ ಬಂತು," ಅಂದಳು.

ಬೌರವ್ವ ಒಂದು ಹೆಜ್ಜೆ ಹತ್ತಿರ ಬಂದಳು.

"ಒಂದು ಗಿಡಾ. ಎರಡು. ನಿಂತೈತಿ." ತುಸು ತಡೆದು, "ಇಲ್ಲ, ಬಾಜೂಕಿನ ಸಾಲಿಗೆ ಹೊಳ್ಳೈತಿ. ಅಲ್ಲಿಂದ ಬರಾಕತ್ತೈತಿ. ಮೂರು. ನಾಕು." ಬೆರಳು ಮೆಲ್ಲಗೆ ಹಲಗೆಯ ಕೆಳ ಅಂಚಿಗೆ ಸರಿದು ಬಂತು. ಅವಳು ಕಣ್ಣು ತೆರೆದು ಬೌರವ್ವನನ್ನು ನೋಡಿದಳು. "ನಿನ್ನ ಹೊಲಕ್ಕ ದಾಟಿತವ್ವ."

ಬೌರವ್ವ ತಿರುಗಿ ತನ್ನ ಜೋಳದ ಕಡೆ ನೋಡಿದಳು. ಕಣ್ಣಿಗೆ ಕಾಣುವಂಥದ್ದು ಏನೂ ಇರಲಿಲ್ಲ. ಎಲೆ ಗಾಳಿಗೆ ಮೊದಲಿನಂತೆಯೇ ಆಡುತ್ತಿದ್ದವು. ಆದರೂ ಅವಳು ಕೈಮುಗಿದಳು, ಯಾರಿಗೆಂದು ಅವಳಿಗೂ ಗೊತ್ತಿದ್ದಿರಲಾರದು. ಸಂಗಪ್ಪ ಮಣ್ಣು ಮುಚ್ಚಿದ ಆರು ಸಾಲನ್ನು ತುಳಿಯದಂತೆ ಬಳಸಿಕೊಂಡು ಅವಳ ಹೊಲದೊಳಕ್ಕೆ ಬಂದು ಪಕ್ಕದಲ್ಲಿ ನಿಂತ.

"ಬೇ ಬೌರಕ್ಕ, ಊಟ ಆತೇನು?" ಎಂದ.

"ಇಲ್ಲೋ," ಅಂದಳು ಅವಳು. "ಬುತ್ತಿ ಅಲ್ಲೇ ಐತಿ. ಬಾ, ಎಲ್ಲಾರೂ ಕೂಡೂನು."

ಅದಾದ ಒಂಬತ್ತನೆಯ ದಿನ ಬೌರವ್ವನ ಹೊಲದಲ್ಲಿ ತೆನೆ ಹೊರಬಿದ್ದವು. ಅಂದು ಮುಂಜಾನೆ ಗುರುಸಿದ್ಧ ಕಸ್ತೂರಿಯನ್ನು ದಿನ್ನಿಯ ಮೇಲಕ್ಕೆ ಕರೆದೊಯ್ದ. ಅಲ್ಲಿಂದ ಕೆಳಗೆ ಹಳ್ಳದವರೆಗೆ ಬದು, ಬಂಡಿದಾರಿ, ಹಳೆಯ ಕಾಲುವೆ ಯಾವುದೂ ಕಾಣದಂತೆ ತೆನೆಯೇ ತೆನೆ. ಸ್ವಲ್ಪ ಹೊತ್ತಾದ ಮೇಲೆ ಕಸ್ತೂರಿ ಕೆಳಗೆ ಕೂತು, ಯಾವ ಹಲಗೆಯೂ ಇಲ್ಲದೆ, ಬಿರುಕುಬಿಟ್ಟ ಕರಿಮಣ್ಣಿನ ಮೇಲೆ ಸುಮ್ಮನೆ ಅಂಗೈ ಊರಿದಳು.